ಹಳೇ ಎಂಜಿನ್ ಕೊಳ್ಳುವ ಮುಂಚೆ

ಚಿ. ಪ್ರಸನ್ನನಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕರೆಂಟಿನ ಕಂಬ ಬಾರದ ಜಾಗದಲ್ಲಿ ಮನೆ ಮಾಡಿ, ಹಳೇ ಡೀಸೆಲ್ ಎಂಜಿನ್ ಒಂದನ್ನು ನೆಚ್ಚಿಕೊಂಡು ಇರುತ್ತೇನೆ ಅನ್ನುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ‘ದಿನವಿಡೀ ಟುಕ್ ಟುಕ್ ಅಂತ ಓಡುತ್ತಿರಲಿ, ಬೇಕಾದಾಗ ದೀಪ ಹಾಕಿಕೊಂಡರಾಯಿತು’ ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ತಲೆಯಿಂದ ತೆಗೆದುಹಾಕು. ಈ ಎಂಜಿನ್‌ಗಳು ದುಡಿದು ಕೆಡುವುದಕ್ಕಿಂತ, ಲೋಡಿಲ್ಲದೆ, ಅಂದರೆ ಎಳೆಯುವ ಭಾರವಿಲ್ಲದೆ, ತಣ್ಣಗೆ ಓಡಿ ಕೆಡುವುದೇ ಹೆಚ್ಚು.

ಇವುಗಳ ಮೇಲೆ ಮನಸ್ಸಾಗುವುದಕ್ಕೆ ಕಾರಣ ಬರೀ ಸದ್ದಲ್ಲ. ಇಂಗ್ಲೆಂಡಿನ ಡರ್ಸ್ಲಿಯಲ್ಲಿ 1930ರ ಸುಮಾರಿಗೆ ತಯಾರಾಗತೊಡಗಿದ ಲಿಸ್ಟರ್ ಸಿಎಸ್ ಮಾದರಿಯನ್ನೇ ತೆಗೆದುಕೋ. ಅದರ 6/1 ಎಂದರೆ ಒಂದೇ ಸಿಲಿಂಡರು, 650 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 650 ಸುತ್ತಿನಲ್ಲಿ, 6 ಅಶ್ವಶಕ್ತಿ. ಗಂಟೆಗೆ 39,000 ಸುತ್ತು. 3000 ಆರ್‌ಪಿಎಂನ ಪುಟ್ಟ ಪೆಟ್ರೋಲ್ ಜನರೇಟರ್ ಅದೇ ಒಂದು ಗಂಟೆಯಲ್ಲಿ 1,80,000 ಸುತ್ತು ಹಾಕಿರುತ್ತದೆ. ಸವೆತದ ಲೆಕ್ಕ ಅಲ್ಲೇ ಇದೆ. ಮೇಲಾಗಿ ಎಲೆಕ್ಟ್ರಾನಿಕ್ಸ್ ಒಂದೂ ಇಲ್ಲ. ನಾಲ್ಕು ಸ್ಪ್ಯಾನರ್, ಸಂದಿ ಅಳೆಯುವ ಒಂದು ಫೀಲರ್ ಗೇಜ್ ಇದ್ದರೆ ಬಹುಪಾಲು ಕೆಲಸ ನೀನೇ ಮಾಡಿಕೊಳ್ಳಬಹುದು.

ಕೊಳ್ಳುವ ದಿನ ಬಣ್ಣ ನೋಡಬೇಡ, ಫ್ಲೈವೀಲ್ ಅನ್ನುವ ಆ ಭಾರದ ಚಕ್ರ ನೋಡು. ಅದನ್ನು ಶಾಫ್ಟಿಗೆ ಕಚ್ಚಿ ಹಿಡಿದಿರುವುದು ಓರೆಯಾಗಿ ಬಡಿದು ಕೂರಿಸಿದ ಒಂದು ಕೀ. ಅದು ಸಡಿಲವಾದರೆ ಮೊದಲು ಟಕ್ ಟಕ್ ಎಂದು ಬಡಿಯುವ ಸದ್ದು (ನಾಕಿಂಗ್) ಕೇಳಿಸುತ್ತದೆ, ಅದನ್ನು ಬೇರಿಂಗ್ ಸದ್ದು ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಕೊನೆಗೆ ಕೀ ಕೂರುವ ಸೀಳಿನಲ್ಲೇ ಚಕ್ರ ಬಿರುಕು ಬಿಡುತ್ತದೆ. ಚಕ್ರದ ನಡುಭಾಗವನ್ನು ಸೀಮೆಎಣ್ಣೆಯಲ್ಲಿ ಚೆನ್ನಾಗಿ ಒದ್ದೆ ಮಾಡು, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸು, ಮೇಲೆ ಸೀಮೆಸುಣ್ಣ ಉಜ್ಜು. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಬೆಲೆ ಮಾತಾಡುವುದೇ ಬೇಡ, ವಾಪಸ್ ಬಾ.

ಆಮೇಲೆ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ ಕೈಯಲ್ಲಿ ತಿರುಗಿಸು, ಸಲೀಸಾಗಿ ತಿರುಗಬೇಕು. ಲಿವರ್ ಇಳಿಸಿ ನಿಧಾನವಾಗಿ ತಿರುಗಿಸಿದರೆ ಕಂಪ್ರೆಶನ್‌ಗೆ ಸಿಕ್ಕಿ ಚಕ್ರ ಹಿಂದಕ್ಕೆ ಪುಟಿಯಬೇಕು. ಉಸ್ಸೆಂದು ಗಾಳಿ ಸೋರಿಹೋದರೆ ವಾಲ್ವೋ ಪಿಸ್ಟನ್ ರಿಂಗೋ ಹೋಗಿದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಗುಜರಾತಿನ ರಾಜ್‌ಕೋಟ್ ಕಡೆಯಲ್ಲಿ ಇದೇ ನಮೂನೆಯಲ್ಲಿ ತಯಾರಾದ ಎಂಜಿನ್ ಸಿಕ್ಕಿದರೆ, ಹೊಸದಾಗಿದ್ದರೂ ಎಣ್ಣೆಯ ಚೇಂಬರ್ ಬಿಚ್ಚಿ ಮೂಲೆಮೂಲೆ ತೊಳೆ. ಎರಕದ ಮರಳು ಒಳಗೆ ಉಳಿದಿರುವುದುಂಟು. ಈ ಎಂಜಿನ್‌ಗಳಲ್ಲಿ ಎಣ್ಣೆ ಎರಚಿಕೊಂಡೇ ಬೇರಿಂಗಿಗೆ ಹೋಗುವುದು, ನಡುವೆ ಫಿಲ್ಟರ್ ಇಲ್ಲ; ಆ ಮರಳು ನೇರ ಬೇರಿಂಗಿಗೇ. ಎಣ್ಣೆಯನ್ನು ನೂರು ಗಂಟೆಗೊಮ್ಮೆ, ಬಿಸಿಯಿರುವಾಗಲೇ ಇಳಿಸು.

ಕೂರಿಸುವುದಕ್ಕೆ 1.2 ಮೀಟರ್ ಉದ್ದ, 0.9 ಅಗಲ, 0.6 ಆಳದ ಕಾಂಕ್ರೀಟ್ ದಿಂಡು ಹಾಕು, ಸುಮಾರು ಒಂದೂವರೆ ಟನ್ ತೂಗುತ್ತದೆ. ಮನೆಯ ಅಡಿಪಾಯಕ್ಕೆ ತಗಲಬಾರದು, ತಗಲಿದರೆ ಗೋಡೆಯೆಲ್ಲ ಗುಂಯ್‌ಗುಡುತ್ತದೆ. ಎಂಜಿನ್ ಕೋಣೆ ಮನೆಯಿಂದ ದೂರವೇ ಇರಲಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. 9 ವ್ಯಾಟಿನ ಆರು ಎಲ್‌ಇಡಿ ದೀಪ ಐದು ಗಂಟೆಗೆ 270 ವ್ಯಾಟ್-ಅವರ್. ಎರಡು ಫ್ಯಾನ್ 800. ಸಣ್ಣ ಫ್ರಿಜ್ 1000. ಫೋನು, ಲ್ಯಾಪ್‌ಟಾಪು 250. ದಿನಕ್ಕೆ 2.3 ಯೂನಿಟ್ ಆಸುಪಾಸು. 6 ಅಶ್ವಶಕ್ತಿಯ ಎಂಜಿನ್, ಬೆಲ್ಟು ಮತ್ತು ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ನಷ್ಟ ಕಳೆದು ಮೂರು ಕಿಲೋವ್ಯಾಟ್ ಕೊಡುತ್ತದೆ. ಇಷ್ಟು ಶಕ್ತಿಯಿರುವುದನ್ನು ಐವತ್ತು ವ್ಯಾಟಿನ ದೀಪಕ್ಕೆ ಓಡಿಸಿದರೆ ಉರಿ ಕಾವೇರುವುದಿಲ್ಲ. ಅರೆಬೆಂದ ಡೀಸೆಲ್ ರಿಂಗ್ ದಾಟಿ ಕೆಳಗಿಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ, ಸಿಲಿಂಡರಿನ ಒಳಗೋಡೆಯಾದ ಲೈನರ್ ನುಣುಪಾಗಿ ರಿಂಗುಗಳು ಹಿಡಿತ ಕಳೆದುಕೊಳ್ಳುತ್ತವೆ, ಸೈಲೆನ್ಸರಿನಿಂದ ಜಿಗುಟು ಮಸಿ ಒಸರುತ್ತದೆ.

ಅದಕ್ಕೇ ಬ್ಯಾಟರಿ. 24 ವೋಲ್ಟು, 400 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಂಕಿನಲ್ಲಿ ಅರ್ಧ ಮಾತ್ರ ಬಳಸು. ಅದೇ ಎರಡು ದಿನಕ್ಕಾಗುತ್ತದೆ. 60 ಆಂಪಿಯರ್ ಚಾರ್ಜರ್ ಹಾಕಿದರೆ ಅದೊಂದೇ 1.7 ಕಿಲೋವ್ಯಾಟಿಗೂ ಮೇಲೆ ಎಳೆಯುತ್ತದೆ. ಅದೇ ಹೊತ್ತಿಗೆ ಒಂದು ಅಶ್ವಶಕ್ತಿಯ ನೀರಿನ ಪಂಪನ್ನೂ ಹಾಕು. ಆಗ ಎಂಜಿನ್ ಮುಕ್ಕಾಲಿಗೂ ಹೆಚ್ಚು ಲೋಡಿನಲ್ಲಿ ನೆಮ್ಮದಿಯಾಗಿ ದುಡಿಯುತ್ತದೆ. ದಿನಾ ಬೆಳಿಗ್ಗೆ ಹೊತ್ತು ಎರಡು ಗಂಟೆ ಓಡಿಸಿ ನಿಲ್ಲಿಸು. ಬ್ಯಾಟರಿ ಶೇಕಡಾ 80 ತುಂಬಿದ ಮೇಲೆ ಕರೆಂಟ್ ತೆಗೆದುಕೊಳ್ಳುವುದೇ ಕಡಿಮೆ, ಆ ಕೊನೆಯ ಭಾಗಕ್ಕೆ ಡೀಸೆಲ್ ಸುಡುವುದು ದಂಡ. ಅದನ್ನು ಛಾವಣಿಯ ಸೋಲಾರ್ ಪ್ಯಾನೆಲ್ ನಿಧಾನವಾಗಿ 28.8 ವೋಲ್ಟಿಗೆ ಏರಿಸಿ ಮುಗಿಸಲಿ. ಸೋಲಾರ್ ಹಾಕಿದರೆ ಹಳೇ ಎಂಜಿನ್ನಿನ ಮರ್ಯಾದೆ ಹೋಗುತ್ತದೆ ಅನ್ನುವವರ ಮಾತಿಗೆ ಕಿವಿಗೊಡಬೇಡ.

ಎಂಜಿನ್ ತಂಪಿಗೆ 200 ಲೀಟರಿನ ನೀರಿನ ಡ್ರಮ್ಮು ಸಾಕು, ಪಂಪ್ ಬೇಡ. ಬಿಸಿನೀರು ತಾನೇ ಮೇಲೇರುತ್ತದೆ. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿನಿಂದ ಹೊರಟ ಪೈಪು ಎಲ್ಲೂ ತಗ್ಗಾಗದೆ ಡ್ರಮ್ಮಿನವರೆಗೆ ಏರುತ್ತಲೇ ಹೋಗಬೇಕು, ಆ ಪೈಪಿನ ಬಾಯಿ ಸದಾ ನೀರಿನೊಳಗೆ ಮುಳುಗಿರಬೇಕು. ಮಟ್ಟ ಅದಕ್ಕಿಂತ ಕೆಳಗಿಳಿದರೆ ಡ್ರಮ್ ಮುಕ್ಕಾಲು ತುಂಬಿದ್ದರೂ ಹರಿವು ನಿಂತು ಹೆಡ್ ಕುದಿಯುತ್ತದೆ. ಕಾವು ಕಾಯುವ ಥರ್ಮೋಸ್ಟಾಟ್ ಹಾಕಿ ನೀರನ್ನು 80 ಡಿಗ್ರಿಗೂ ಮೇಲೆ ಇಡು. ಅದರ ತಟ್ಟೆಗೆ 3 ಮಿ.ಮೀ. ತೂತು ಕೊರೆದರೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ.

ಸ್ಟಾರ್ಟ್ ಆಗದಿದ್ದರೆ ಹೆಚ್ಚಾಗಿ ಏರ್ ಲಾಕ್, ಅಂದರೆ ಡೀಸೆಲ್ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನದು, ಕೊನೆಗೆ ಡೀಸೆಲ್ ಚಿಮ್ಮಿಸುವ ನಾಝಲ್ಲಿನ ಪೈಪಿನ ನಟ್ಟು, ಈ ಕ್ರಮದಲ್ಲಿ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಬಿಡು. ಬಿಗಿ ಮಾಡಿ ಹ್ಯಾಂಡಲ್ ತಿರುಗಿಸಿದಾಗ ನಾಝಲ್ ‘ಕರ್’ ಅನ್ನಬೇಕು. ಅನ್ನದಿದ್ದರೆ ಎಷ್ಟು ತಿರುಗಿಸಿದರೂ ಭುಜ ನೋವಷ್ಟೇ. ನಾಝಲ್ಲಿನ ಚಿಮ್ಮುವ ಬಾಯಿಗೆ ಬೆರಳು ಒಡ್ಡಬೇಡ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ನಿಲ್ಲಿಸುವುದು ಡೀಸೆಲ್ ತಡೆದು, ಲಿವರ್ ಎತ್ತಿ ಅಲ್ಲ. ಹುಚ್ಚೆದ್ದು ಓಡಿದರೆ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತು, ಕೈ ಒಡ್ಡಬೇಡ. ಆ ಹಲಗೆ ಎಂಜಿನ್ ಪಕ್ಕದಲ್ಲೇ ನೇತಾಡುತ್ತಿರಲಿ.

ಆಲ್ಟರ್ನೇಟರ್ ನಿಮಿಷಕ್ಕೆ 1500 ಸುತ್ತಿದರೆ ಮನೆಗೆ ಬೇಕಾದ 50 ಹರ್ಟ್ಸ್ ಕರೆಂಟು. ಎಂಜಿನ್ನಿನ 650ಕ್ಕೆ ಅದು 2.3 ಪಟ್ಟು, ಅಂದರೆ ಎಂಜಿನ್ ಕಡೆ 600 ಮಿ.ಮೀ. ಚಕ್ರವಿದ್ದರೆ ಆಲ್ಟರ್ನೇಟರಿಗೆ 260ರ ಪುಲ್ಲಿ. ಲೋಡಿಲ್ಲದಾಗ 52 ಹರ್ಟ್ಸ್ ತೋರುವಂತೆ ವೇಗ ಹಿಡಿದಿಡುವ ಗವರ್ನರ್ ಇಡು, ಲೋಡು ಬಿದ್ದಾಗ ಐವತ್ತಕ್ಕೆ ಬಂದು ನಿಲ್ಲುತ್ತದೆ. ಆದರೆ ಪುಲ್ಲಿ ತರುವ ಮುಂಚೆ ಎಂಜಿನ್ ಪ್ಲೇಟ್ ಮೇಲಿನ ಆರ್‌ಪಿಎಂ ಓದಿ ನನಗೆ ಬರೆ. ಅದು 6/1 ಆಗಿರದೆ 850ರ 8/1 ಆಗಿದ್ದರೆ 340ರ ಪುಲ್ಲಿ ಬೇಕಾಗುತ್ತದೆ.

ಇಂತು ನಿನ್ನ
ದೊಡ್ಡಪ್ಪ