ಅಪ್ಪನಿಗೆ ಓದಿ ಹೇಳು

ಬಾಸ್ಟನ್
ಜನವರಿ 22

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಬಂದ ನೆಂಟರೆಲ್ಲ ಹೊರಟರಾ? ದೊಡ್ಡಮ್ಮನ ಮಂಡಿ ನೋವು ಹೇಗಿದೆ?

ಅಪ್ಪನ ಶುಗರ್ ರಿಪೋರ್ಟಿನ ಫೋಟೋ ಪುಟ್ಟ ಕಳಿಸಿದ. ಖಾಲಿ ಹೊಟ್ಟೆಯಲ್ಲಿ 212, ಊಟದ ಮೇಲೆ 318. ಒಂದೂವರೆ ತಿಂಗಳಿಂದ ಮಾತ್ರೆ ಬಿಟ್ಟಿದ್ದಾರಂತೆ. ನೀನು ನನಗೆ ಒಂದು ಮಾತು ಹೇಳಲಿಲ್ಲ. "ಮಗಳ ಲ್ಯಾಬಿನಲ್ಲಿ ಉಪ್ಪಿನಕಾಯಿ ಬ್ಯಾಕ್ಟೀರಿಯಾದಿಂದ ಶುಗರಿಗೆ ಮದ್ದು ಕಂಡುಹಿಡಿದಿದ್ದಾರೆ" ಅಂತ ಅಪ್ಪ ಕಲ್ಸಂಕದ ಭಾವನ ಹತ್ತಿರ ಹೇಳಿದರಂತೆ. ಎರಡು ಹೊತ್ತೂ ಊಟಕ್ಕೆ ಮಿಡಿ ಉಪ್ಪಿನಕಾಯಿ, ಮಾತ್ರೆ ಮಾತ್ರ ಡಬ್ಬದಲ್ಲಿ. ಇದನ್ನು ಕೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ ಅಮ್ಮ. ದೀಪಾವಳಿಗೆ ಫೋನ್ ಮಾಡಿದಾಗ ಖುಷಿಯಲ್ಲಿ ಹೇಳಿದ್ದು ನಾನೇ. ಫೋನಿನಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಹೋಗುತ್ತದೆ. ಅದಕ್ಕೇ ಈ ಕಾಗದ. ಅಪ್ಪನನ್ನು ಎದುರು ಕೂರಿಸಿಕೊಂಡು ಜೋರಾಗಿ ಓದು.

ಅಪ್ಪ, ನಾನು ಕೆಲಸ ಮಾಡುವ ಕಿಣ್ವದ, ಅಂದರೆ ಜೀವಕೋಶದ ಕೆಲಸ ಚುರುಕು ಮಾಡುವ ಪ್ರೋಟೀನಿನ, ಹೆಸರು ಎಲ್‌ಬಿನಾಕ್ಸ್. ಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್ ಎಂಬ ಬ್ಯಾಕ್ಟೀರಿಯಾದ್ದು. ಇಲ್ಲಿಯವರು ಎಲೆಕೋಸಿಗೆ ಉಪ್ಪು ಹಾಕಿ ಹುಳಿ ಬರಿಸುತ್ತಾರೆ, ಅದರಲ್ಲೂ ಈ ಬ್ಯಾಕ್ಟೀರಿಯಾ ಇರುತ್ತದೆ. ನೀವು ಕೇಳಿದ್ದು ಅಲ್ಲಿವರೆಗೆ ಸರಿ. ಮುಂದಿನದ್ದು ಕೇಳಿ.

ನಾವು ತಿಂದದ್ದು ಮೈಯೊಳಗೆ ಕರಗುವಾಗ ಎನ್‌ಎಡಿ ಎಂಬ ಚಿಕ್ಕ ವಸ್ತು ಹೊರೆ ಹೊರುತ್ತದೆ. ಖಾಲಿ ಬುಟ್ಟಿ ಅಂದುಕೊಳ್ಳಿ. ತುಂಬಿದ ಮೇಲೆ ಅದಕ್ಕೆ ಎನ್‌ಎಡಿಎಚ್ ಅಂತ ಹೆಸರು. ಮಲ್ಪೆ ಬಂದರಿನಲ್ಲಿ ತುಂಬಿದ ಬುಟ್ಟಿ ಇಳಿಸುವವರೇ ಇಲ್ಲದಿದ್ದರೆ ದೋಣಿಯ ಹತ್ತಿರ ಕೆಲಸ ನಿಂತುಬಿಡುತ್ತದೆ, ಅಲ್ವಾ? ಜೀವಕೋಶದಲ್ಲೂ ಹಾಗೇ. ಈ ಕಿಣ್ವ ಆ ಹೊರೆಯನ್ನು ಆಮ್ಲಜನಕಕ್ಕೆ ದಾಟಿಸಿ ಬರೀ ನೀರು ಮಾಡುತ್ತದೆ. ಬುಟ್ಟಿ ಖಾಲಿ. 2016ರಲ್ಲಿ ಇದೇ ಊರಿನ ವಂಸಿ ಮೂತಾ ಎಂಬ ವಿಜ್ಞಾನಿಯ ತಂಡ ಇದನ್ನು ಮನುಷ್ಯರ ಜೀವಕೋಶದೊಳಗೆ ಹಾಕಿ ತೋರಿಸಿತು. 2020ರಲ್ಲಿ ಇಲಿಯ ಲಿವರಿನಲ್ಲಿ. ಬುಟ್ಟಿ ತುಂಬಿಯೇ ಇದ್ದರೆ ಮೈ ಸಕ್ಕರೆಯನ್ನು ನಿಭಾಯಿಸುವ ರೀತಿಯೂ ಕೆಡುತ್ತದೆ ಅಂತ ಆಗ ಗೊತ್ತಾಯಿತು. ನಾನು ಫೋನಿನಲ್ಲಿ ಹೇಳಿದ್ದು ಇದು.

ಆದರೆ ಇದು ಮದ್ದಲ್ಲ ಅಪ್ಪ. ಎಲ್ಲಿ ಏನು ಕೆಟ್ಟಿದೆ ಅಂತ ತಿಳಿಯಲು ಇರುವ ಸಲಕರಣೆ. ಬಾಯಲ್ಲಿ ತಿಂದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಇಲಿಗೂ ತಿನ್ನಿಸಿಲ್ಲ, ಅದರ ಜೀನನ್ನೇ ಲಿವರಿನೊಳಗೆ ಸೇರಿಸಿದ್ದು. ಉಪ್ಪಿನಕಾಯಿಯಿಂದ ನಿಮ್ಮ ಮೈಗೆ ಹೋಗುವುದು ಉಪ್ಪು. ನಿಮಗೆ ಬಿಪಿಯೂ ಇದೆ.

ಈ ಕಿಣ್ವವನ್ನು ನಾನೇ ತಯಾರಿಸುತ್ತೇನೆ. ಕೊನೆಗೆ ಚಿಕ್ಕ ಟ್ಯೂಬಿನಲ್ಲಿ ಉಳಿಯುವುದು ಅರಿಶಿನ ಕದಡಿದ ನೀರಿನಂಥ ಹಳದಿ ದ್ರವ. ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸಕ್ಕೆ ನೆರವಾಗುವ ಎಫ್‌ಎಡಿ ಎಂಬ ವಸ್ತುವಿನ ಬಣ್ಣ ಅದು. ಒಂದು ಹನಿ ಹಾಕಿದರೆ ಯಂತ್ರದಲ್ಲಿ ಎನ್‌ಎಡಿಎಚ್‌ನ ಅಂಕಿ ಸರಸರ ಇಳಿಯುತ್ತದೆ. ಎಷ್ಟು ಸಲ ನೋಡಿದರೂ ಖುಷಿಯಾಗುತ್ತದೆ. ಮೊನ್ನೆ ಅದು ಇಳಿಯುವಾಗ ನಿಮ್ಮ 318 ನೆನಪಾಗಿ ಕಣ್ಣು ತುಂಬಿತು.

ನಿಮ್ಮ ಶುಗರ್ ಇಳಿಸುವುದು ನೀವು ಬಿಟ್ಟ ಆ ಮಾತ್ರೆ, ಮೆಟ್‌ಫಾರ್ಮಿನ್. ನಾಳೆಯೇ ಪುಟ್ಟನ ಜೊತೆ ಮಣಿಪಾಲಕ್ಕೆ ಹೋಗಿ. ಮಾತ್ರೆ ಬಿಟ್ಟದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಹೆಬ್ಬೆರಳಿನ ಗಾಯ ಇನ್ನೂ ಒಣಗಿಲ್ಲವಂತೆ, ಅದನ್ನೂ ತೋರಿಸಿ. ರಥಬೀದಿಯವರೆಗೆ ಚಪ್ಪಲಿ ಹಾಕಿಕೊಂಡೇ ಹೋಗಿ, ಮಠದ ಎದುರು ಬಿಟ್ಟರೆ ಸಾಕು. ಶುಗರ್ ಇರುವವರಿಗೆ ಕಾಲಿಗೆ ಪೆಟ್ಟಾದರೂ ಕೆಲವೊಮ್ಮೆ ಗೊತ್ತಾಗುವುದಿಲ್ಲ.

ಅಮ್ಮ, ನನ್ನ ಚಿಂತೆ ಬೇಡ. ಸಂಜೆ ಐದಕ್ಕೇ ಕತ್ತಲೆ, ಹೊಳೆ ಹೆಪ್ಪುಗಟ್ಟಿದೆ. ಆದರೆ ಕೋಟು ಬೆಚ್ಚಗಿದೆ, ಹೀಟರ್ ಇದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಶೀತವೂ ಇಲ್ಲ. ನಿಜವಾಗಿಯೂ ಆರಾಮಿದ್ದೇನೆ. ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ ಅಂತ ಓವನ್ನಿನ ದೀಪ ಹಾಕಿ ಒಳಗಿಟ್ಟೆ, ಬೆಳಿಗ್ಗೆ ಪಾತ್ರೆಯ ಅಂಚಿನವರೆಗೆ ಉಬ್ಬಿತ್ತು. ಲ್ಯಾಬಿನವರಿಗೆ ದೋಸೆ ಕೊಟ್ಟೆ. ಯೀಸ್ಟ್ ಹಾಕದೆ ಹೇಗೆ ಉಬ್ಬಿತು ಅಂತ ಕೇಳಿದರು. ನಮ್ಮ ಅಜ್ಜಿಯಂದಿರ ಕಾಲದಿಂದ ಹೀಗೇ ಅಂದೆ. ಗುಳ್ಳ ಬದನೆಯ ಹುಳಿ ಮಾತ್ರ ಬಹಳ ನೆನಪಾಗುತ್ತದೆ.

ಹದಿನೈದು ಸಾವಿರ ಪುಟ್ಟನ ಖಾತೆಗೆ ಹಾಕಿದ್ದೇನೆ. ನನಗೇನೂ ಕಷ್ಟವಿಲ್ಲ, ಟೆಸ್ಟಿಗೆ ಹಿಂದೆಮುಂದೆ ನೋಡಬೇಡಿ. ಕಾಲಕಾಲಕ್ಕೆ ಸರಿಯಾಗಿ ನೋಡಿಕೊಂಡರೆ ಎಲ್ಲ ಹತೋಟಿಗೆ ಬರುತ್ತದೆ, ಹೆದರಬೇಡ.

ಜೀವಕೋಶಗಳಿಗೆ ಆಹಾರ ಬದಲಿಸುವ ಹೊತ್ತಾಯಿತು, ಓಡುತ್ತೇನೆ. ದೊಡ್ಡಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಮಗಳು

ಮಾತ್ರೆ ನುಂಗಿದ ಮೇಲೆ ಖಾಲಿ ಪಟ್ಟಿಯ ಫೋಟೋ ದಿನಾ ರಾತ್ರಿ ಪುಟ್ಟ ಕಳಿಸಲಿ. ಕಾಯುತ್ತಿರುತ್ತೇನೆ.