ಹಾಡಿಯ ಸಂಕಟಕ್ಕೆ ಹಾಡಿಯವರೇ ಮೊದಲು ಬರಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಆದಿವಾಸಿಗಳ ವಸತಿಗಳಾದ ಹಾಡಿ ಮತ್ತು ಪೋಡುಗಳಿಗೆ ಸಂಚಾರಿ ಮಾನಸಿಕ ತುರ್ತು ನೆರವಿನ ತಂಡಗಳನ್ನು ನೇಮಿಸುವ ಕುರಿತು.

ಮಾನ್ಯರೇ,

ಹೆಗ್ಗಡದೇವನಕೋಟೆ ಮತ್ತು ಸರಗೂರು ಭಾಗದ ಹಾಡಿಗಳಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾಗಿರುವ ನಾನು, ಕಚೇರಿಗೆ ಅರ್ಜಿ ಕೊಡುವ ಬದಲು ಈ ಪತ್ರವನ್ನು ಎಲ್ಲರ ಮುಂದಿಡುತ್ತಿದ್ದೇನೆ. ಆರೋಗ್ಯ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಅರಣ್ಯ ಮತ್ತು ಪೊಲೀಸ್ ಇಲಾಖೆಗಳು ಒಟ್ಟಿಗೆ ಕೂತು ಮಾತನಾಡದೆ ಈ ಕೆಲಸ ಆಗುವುದಿಲ್ಲ. ಒಂದೇ ಇಲಾಖೆಯ ಕಡತಕ್ಕೆ ಬಿದ್ದರೆ ಅಲ್ಲೇ ಉಳಿಯುತ್ತದೆ. ನನ್ನ ಕೋರಿಕೆ ಒಂದೇ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಜನ ವಾಸಿಸುವ ತಾಲ್ಲೂಕುಗಳಲ್ಲಿ, ಯಾರಿಗಾದರೂ ಮನಸ್ಸು ಕೈಮೀರಿದ ಹೊತ್ತಿಗೆ ಮನೆ ಬಾಗಿಲಿಗೇ ಬರುವ ಸಂಚಾರಿ ತಂಡವೊಂದಿರಬೇಕು, ಮತ್ತು ಆ ತಂಡದಲ್ಲಿ ಮೊದಲು ಒಳಗೆ ಕಾಲಿಡುವವರು ಆ ಸಮುದಾಯದವರೇ ಆಗಿರಬೇಕು.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಕಾಡಂಚಿನ ಊರುಗಳಿಗೆ ಸಂಚಾರಿ ಆರೋಗ್ಯ ಘಟಕಗಳು ಬರುತ್ತವೆ. 2023ರ ನವೆಂಬರ್‌ನಲ್ಲಿ ಆರಂಭವಾದ ಅತಿ ದುರ್ಬಲ ಬುಡಕಟ್ಟುಗಳಿಗಾಗಿನ ಕೇಂದ್ರದ ಪಿಎಂ ಜನಮನ್ ಯೋಜನೆಯಲ್ಲಿಯೂ ಇಂಥ ವಾಹನಗಳಿಗೆ ಅವಕಾಶವಿದೆ. ನಮ್ಮ ರಾಜ್ಯದ ಜೇನುಕುರುಬರು ಮತ್ತು ಕೊರಗರು ಆ ಯೋಜನೆಯ ವ್ಯಾಪ್ತಿಯಲ್ಲಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ತಪಾಸಣೆ ನಡೆಯುತ್ತದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿದೆ, ಅದರ ಹಿಂದೆ ನಿಮ್ಹಾನ್ಸ್ ಇದೆ. ಇವೆಲ್ಲ ಬೇಕು. ಆದರೆ ಸಿಗ್ನಲ್ ಹಿಡಿಯಲು ದಿಬ್ಬ ಹತ್ತಬೇಕಾದ ಹಾಡಿಯಲ್ಲಿ, ಮೂರು ದಿನದಿಂದ ಬಾಯಿ ಬಿಡದೆ ಕೂತವರು ತಾವಾಗಿ ಫೋನು ಮಾಡಿಯಾರು ಎಂದು ನಂಬಿ ಕೂರುವಂತಿಲ್ಲ.

ಸಂಚಾರಿ ವಾಹನ ಬಂದ ಒಂದು ದಿನದ ಮಾತು ಹೇಳುತ್ತೇನೆ. ನೀರಿನ ಟ್ಯಾಂಕಿನ ಪಕ್ಕ ಮಡಚುವ ಮೇಜು, ಅದರ ಮೇಲೆ ಬಿಪಿ ನೋಡುವ ಯಂತ್ರ, ಕಬ್ಬಿಣಾಂಶದ ಮಾತ್ರೆಯ ಡಬ್ಬಿ, ಉದ್ದನೆಯ ರಿಜಿಸ್ಟರು. ಬಾಣಂತಿಯರು, ಮಕ್ಕಳು, ಕೆಮ್ಮುವ ಅಜ್ಜಂದಿರು ಸಾಲಾಗಿ ಕೂತಿದ್ದರು. ಸಾಲಿನಿಂದ ಹತ್ತು ಮಾರು ಆಚೆ, ಲಂಟಾನ ಪೊದೆಯ ಬಳಿ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಮೊಣಕಾಲಿಗೆ ಮುಖವಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಕೂದಲು ಜಡೆಗಟ್ಟಿತ್ತು. ತನ್ನ ಕೆಮ್ಮಿಗೆ ಔಷಧ ಪಡೆದ ಅವನ ತಾಯಿಯನ್ನು ನಾನೇ ಕೇಳಿದೆ. "ಅವ್ನು ಹಂಗೇ ಕಣಮ್ಮ, ಮಳೆಗಾಲದಿಂದ್ಲೂ" ಎಂದಳು. ವೈದ್ಯರು ಒಳ್ಳೆಯವರು, ಪುಟ ತಿರುವಿ ನೋಡಿದರು. ಜ್ವರ, ಕೆಮ್ಮು, ರಕ್ತಹೀನತೆ, ಸಕ್ಕರೆ, ಬಿಪಿ ಎಲ್ಲಕ್ಕೂ ಕಾಲಂ ಇತ್ತು, ಆ ಹುಡುಗನಿಗೆ ಇರಲಿಲ್ಲ. ಕೊನೆಗೆ "ಇತರೆ" ಎಂದು ಬರೆದು, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆತರಲು ಹೇಳಿದರು. ಮಂಗಳವಾರ ಎಂದರೆ ಆ ಮನೆಗೆ ಎರಡು ಆಳಿನ ಕೂಲಿ ನಷ್ಟ, ಬಸ್ಸು ಹಿಡಿಯಲು ನಡೆಯಬೇಕಾದ ದೂರ, ಜನರನ್ನು ಕಂಡರೆ ಬೆದರುವ ಹುಡುಗನನ್ನು ಬಸ್ಸಿನೊಳಗೆ ಕೂರಿಸುವ ಪಾಡು. ಅವರು ಹೋಗಲಿಲ್ಲ.

ಇದು ಹಗಲಿನ ಮಾತಾಯಿತು. ರಾತ್ರಿ ಯಾರಾದರೂ ಕಿರುಚಾಡಿದರೆ, ಕತ್ತಿ ಹಿಡಿದರೆ, ಅಥವಾ ಸಾಯುತ್ತೇನೆಂದು ಕಾಡಿನ ಕಡೆ ಓಡಿದರೆ, ಹಾಡಿಗೆ ಮೊದಲು ಬರುವುದು ಖಾಕಿ ಬಟ್ಟೆ, ಪೊಲೀಸರದ್ದೋ ಅರಣ್ಯ ಸಿಬ್ಬಂದಿಯದ್ದೋ. ಒಕ್ಕಲೆಬ್ಬಿಸುವಾಗ ಬಂದ ಬಟ್ಟೆಯೂ ಅದೇ. ಹಾಗಾಗಿ ಮನೆಯವರು ದೂರು ಕೊಡುವುದಕ್ಕಿಂತ ಮುಚ್ಚಿಡುವುದನ್ನು ಆರಿಸಿಕೊಳ್ಳುತ್ತಾರೆ, ಕೈಮೀರಿದರೆ ಕಟ್ಟಿಹಾಕುತ್ತಾರೆ. ಕಾನೂನಿನಲ್ಲಿ ಪೊಲೀಸರಿಗೆ ಇಲ್ಲಿ ಕರ್ತವ್ಯವಿದೆ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೇ ಸೆಕ್ಷನ್ ಪ್ರಕಾರ ಅಂಥ ವ್ಯಕ್ತಿಯನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಹತ್ತಿರದ ಸಾರ್ವಜನಿಕ ಆಸ್ಪತ್ರೆಗೆ ಒಪ್ಪಿಸಬೇಕು. ಅದೇ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಮತ್ತೆ ಹಾಗಾಗದಂತೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆಸ್ಪತ್ರೆಯಿಂದ ಹಾಡಿಗೆ ಮರಳಿದವರನ್ನು ಮಾರನೆಯ ವಾರ ಹೋಗಿ ನೋಡುವ ಒಬ್ಬ ನೌಕರರೂ ನನ್ನ ಸೇವಾವಧಿಯಲ್ಲಿ ನನಗೆ ಕಾಣಲಿಲ್ಲ. ಹೋದದ್ದಿದ್ದರೆ ಆಶಾ ಕಾರ್ಯಕರ್ತೆ, ಅದೂ ತನ್ನ ಮನಸ್ಸಿಗೆ ಬಂದು.

ಹಾಡಿಯ ಸಂಕಟವನ್ನು ತಲೆಯೊಳಗಿನ ಕಾಯಿಲೆಯೆಂದಷ್ಟೇ ತಿಳಿದು ಹೊರಟ ತಂಡ ಬಾಗಿಲಲ್ಲೇ ಎಡವುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬಂಡೀಪುರ, ನಾಗರಹೊಳೆಗಳಿಂದ ಜನ ಹೊರಬಿದ್ದರು. ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಕಾಡೂ ಊರೂ ಮುಳುಗಿದವು. ರಾಜ್ಯ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಲೆಕ್ಕಕ್ಕೆ ತಂದು ಪುನರ್ವಸತಿಗೆ ಶಿಫಾರಸು ಮಾಡಿತು. ಸತ್ತ ಹಿರಿಯರ ನೆಲೆ, ದೇವರ ಬನ, ಜೇನು ಕಟ್ಟುವ ಮರ ಎಲ್ಲವೂ ಬೇಲಿಯ ಆ ಕಡೆ ಉಳಿದ ಮೇಲೆ, ಈ ಕಡೆಯ ಸಾಲುಮನೆಯಲ್ಲಿ ಕೂತ ಮುದುಕಿ "ನಮ್ಮ ದೇವ್ರು ಕರೀತಾವೆ" ಎಂದರೆ ಅದನ್ನು ಭ್ರಮೆ ಎಂದು ಬರೆದುಕೊಳ್ಳುವ ಮುನ್ನ ಅರೆಗಳಿಗೆ ಕಾಯುವ ತಿಳಿವಳಿಕೆ ಬೇಕು. ಕೆಲವೊಮ್ಮೆ ಅದು ಭ್ರಮೆಯೇ ಇರುತ್ತದೆ, ಮಾತ್ರೆ ಬೇಕಾಗುತ್ತದೆ. ಕೆಲವೊಮ್ಮೆ ವರ್ಷಕ್ಕೊಮ್ಮೆ ಆ ಬನಕ್ಕೆ ಹೋಗಿ ಪೂಜೆ ಮಾಡಿ ಬರಲು ಅರಣ್ಯ ಇಲಾಖೆಯ ಒಂದು ಅನುಮತಿ ಪತ್ರ ಸಾಕಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದು ಆ ಮನೆಯವರ ಜೊತೆ ಬೆಳೆದವರಿಗೆ. ಇನ್ನು ಕುಡಿತದ ವಿಷಯ: ಸಂತೆಯ ದಿನ ಕೂಲಿ ಹಣ ಎಲ್ಲಿ ಕರಗುತ್ತದೆಂಬುದು ಎಲ್ಲರಿಗೂ ಗೊತ್ತು. ಒಂದು ಇಲಾಖೆ ಮದ್ಯದಿಂದ ವರಮಾನ ಎಣಿಸುವಾಗ ಇನ್ನೊಂದು ಇಲಾಖೆ ಗೋಡೆಯ ಮೇಲೆ ಮದ್ಯಪಾನ ಹಾನಿಕರ ಎಂದು ಬರೆಸುವುದನ್ನು ತಮ್ಮ ಸಚಿವ ಸಂಪುಟವೇ ಯೋಚಿಸಬೇಕು.

ಜೇನುಕುರುಬರಲ್ಲಿ ಯಜಮಾನ ಮತ್ತು ಪೂಜೆ ನಡೆಸುವ ಗುಡ್ಡ, ಸೋಲಿಗರಲ್ಲಿ ಯಜಮಾನ ಮತ್ತು ಪೂಜಾರಿಯಾದ ತಮ್ಮಡಿ ಇಂದಿಗೂ ಜನ ಮೊದಲು ಹೋಗುವ ಬಾಗಿಲು. ಅವರನ್ನು ಮೂಢನಂಬಿಕೆಯ ಏಜೆಂಟರೆಂದು ದೂರವಿಡುವ ಸಿಬ್ಬಂದಿಯನ್ನೂ ನೋಡಿದ್ದೇನೆ, ರೋಗಿಗಳನ್ನು ಹಿಡಿದು ತರುವ ದಲ್ಲಾಳಿಗಳಂತೆ ಬಳಸಿಕೊಳ್ಳಲು ಹೋದ ಯೋಜನೆಗಳನ್ನೂ ನೋಡಿದ್ದೇನೆ. ಎರಡೂ ತಪ್ಪು. ಹಾಗೆಂದು ಎಲ್ಲವನ್ನೂ ಅವರಿಗೇ ಬಿಡಿ ಎನ್ನುವವಳೂ ನಾನಲ್ಲ: ಮೂರ್ಛೆರೋಗಕ್ಕೆ, ತೀವ್ರ ಚಿತ್ತವಿಕಲತೆಗೆ ಔಷಧ ತಡವಾದಷ್ಟೂ ಹಾನಿ. ನಾನು ಕೇಳುವುದು, ಹಿರಿಯರು ರೋಗಿಯ ಪಕ್ಕ ಕೂತಿರುವಾಗಲೇ ನರ್ಸ್ ಕೂಡ ಅಲ್ಲಿ ಕೂರುವಂಥ ಏರ್ಪಾಡು. ಪೂಜೆ ಮುಗಿಯುವವರೆಗೆ ಕಾದು, ಬಳಿಕ ಮಾತ್ರೆಯ ಮಾತು ಎತ್ತುವಷ್ಟು ವ್ಯವಧಾನ.

ಇದು ಕನಸಿನ ಮಾತಲ್ಲ ಎನ್ನಲು ಹೊರಗಿನ ಒಂದು ಉದಾಹರಣೆ ಸಾಕು. ಅಮೆರಿಕದ ಅರಿಜೋನಾದ ವೈಟ್ ಮೌಂಟೇನ್ ಅಪಾಚೆ ಬುಡಕಟ್ಟಿನ ಮಂಡಳಿ, ಯುವಕರ ಸಾವುಗಳಿಂದ ಕಂಗೆಟ್ಟು, 2001ರಲ್ಲಿ ಒಂದು ನಿಯಮ ಮಾಡಿತು: ಯಾರೇ ಆತ್ಮಹತ್ಯೆಗೆ ಯತ್ನಿಸಿದರೂ, ಅಂಥ ಮಾತಾಡಿದರೂ, ಶಾಲೆಯಾಗಲಿ ಪೊಲೀಸರಾಗಲಿ ನೆಂಟರಾಗಲಿ ಅದನ್ನು ಸಮುದಾಯದ ದಾಖಲೆಗೆ ತಿಳಿಸಬೇಕು. ಸುದ್ದಿ ಬಂದ ಮೇಲೆ ಅಪಾಚೆ ಕಾರ್ಯಕರ್ತರೇ ಮನೆ ಹುಡುಕಿಕೊಂಡು ಹೋಗಿ ಮಾತನಾಡಿಸಿ, ಚಿಕಿತ್ಸೆಗೆ ಜೋಡಿಸುತ್ತಾರೆ. ಹಿರಿಯರು ಶಾಲೆಗಳಿಗೆ ಹೋಗಿ ತಮ್ಮ ನುಡಿ, ನಡವಳಿ ಕಲಿಸುತ್ತಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಜೊತೆಗಿದೆ, ಆದರೆ ಮುಂದೆ ನಿಂತಿರುವುದು ಬುಡಕಟ್ಟು. 2001–06ರ ಅವಧಿಗೆ ಹೋಲಿಸಿದರೆ 2007–12ರಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಲಕ್ಷಕ್ಕೆ 40ರಿಂದ 24.7ಕ್ಕೆ ಇಳಿಯಿತು. ಅದನ್ನು ಹಾಗೆಯೇ ಇಲ್ಲಿಗೆ ತರಲು ಬರುವುದಿಲ್ಲ; ಅವರಿಗಿರುವಂಥ ಆಡಳಿತಾಧಿಕಾರ ನಮ್ಮ ಹಾಡಿಗಳಿಗಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ 2011ರಲ್ಲಿ ಸಮುದಾಯ ಹಕ್ಕು ಪಡೆದದ್ದು ಆ ಸಭೆಗಳ ಮೂಲಕವೇ. ತಂಡದ ಕೆಲಸವನ್ನು ಪರಿಶೀಲಿಸುವ ಅಧಿಕಾರವನ್ನು ಅದೇ ಸಭೆಗೆ ಕೊಡಬಹುದು, ರೋಗಿಗಳ ಹೆಸರು ಮಾತ್ರ ಅಲ್ಲಿ ಬಾಯಿಗೆ ಬರಕೂಡದು.

ಜನರಿಗಾಗಿ ಹುಡುಕಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಆರಂಭವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆದಿವಾಸಿ ಹೆಣ್ಣುಮಕ್ಕಳಿಗೆ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ತರಬೇತಿ ಕೊಟ್ಟು, ಹೆರಿಗೆಯಂಥ ಕೆಲಸವನ್ನು ಅವರ ಕೈಗೊಪ್ಪಿಸಿ ತೋರಿಸಿದೆ. ಮನಸ್ಸಿನ ಆರೈಕೆಗೂ ಅದೇ ದಾರಿ. ಪ್ರತಿ ತಂಡಕ್ಕೆ ಸಮುದಾಯದ ಇಬ್ಬರು, ಒಬ್ಬ ಹೆಣ್ಣು ಒಬ್ಬ ಗಂಡು, ಜೊತೆಗೆ ತರಬೇತಾದ ಒಬ್ಬ ನರ್ಸ್; ಫೋನಿನ ಆಚೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇನ್ನೊಂದು ಹೆಜ್ಜೆ ಇಡಲು ಈ ರಾಜ್ಯಕ್ಕೆ ಅನುಭವದ ಕೊರತೆಯಿಲ್ಲ.

ಕೆಲವು ಸಣ್ಣ ಸಂಗತಿಗಳನ್ನು ಆದೇಶದಲ್ಲೇ ಬರೆಸಿ, ಏಕೆಂದರೆ ಯೋಜನೆ ಕೆಡುವುದು ಇಂಥವುಗಳಲ್ಲೇ. ವಾಹನದ ಮೇಲೆ ಮಾನಸಿಕ ಎಂಬ ಪದ ಬೇಡ. ಮೂವತ್ತು ಮನೆಯ ಹಾಡಿಯಲ್ಲಿ ಅದು ಯಾರ ಬಾಗಿಲಿಗೆ ನಿಂತಿತೆಂಬುದು ಮರುಗಳಿಗೆಯೇ ಎಲ್ಲರಿಗೂ ತಿಳಿಯುತ್ತದೆ. ಈಗಿರುವ ಸಂಚಾರಿ ಘಟಕದ ವಾಹನವೇ ಸಾಕು, ಅದರಲ್ಲಿ ಮನೋರೋಗದ ಮತ್ತು ಮೂರ್ಛೆರೋಗದ ಮಾತ್ರೆಗಳ ದಾಸ್ತಾನು ತಪ್ಪದಿರಲಿ, ರಿಜಿಸ್ಟರಿಗೆ ಒಂದು ಕಾಲಂ ಸೇರಲಿ. ಸಂಜೆ ಮುಚ್ಚುವ ಅರಣ್ಯ ತನಿಖಾ ಗೇಟುಗಳಲ್ಲಿ ಈ ತಂಡವನ್ನು ಆಂಬುಲೆನ್ಸಿನಂತೆಯೇ ಬಿಡಬೇಕೆಂಬ ಸ್ಪಷ್ಟ ಸುತ್ತೋಲೆ ಇರಲಿ. ಪೊಲೀಸರು ಬರಲೇಬೇಕಾದಾಗ ಮಫ್ತಿಯಲ್ಲಿ, ತಂಡದ ಹಿಂದೆ ಬರಲಿ. ಸಂಕಟ ತಣಿದ ಮೇಲೂ ತಿಂಗಳುಗಟ್ಟಲೆ ಮರುಭೇಟಿ ನಡೆಯಲಿ. ಸಮುದಾಯದ ಕಾರ್ಯಕರ್ತರಿಗೆ ಗೌರವಧನ ಎಂಬ ಹೆಸರಿನ ಚಿಲ್ಲರೆ ಬೇಡ, ಸಂಬಳ ಕೊಡಿ. ರಾತ್ರಿ ಎದ್ದು ಹೋಗುವ ಕೆಲಸವನ್ನು ಪುಣ್ಯಕ್ಕೆ ಬಿಟ್ಟರೆ ಎರಡು ವರ್ಷಕ್ಕೆ ತಂಡ ಖಾಲಿಯಾಗುತ್ತದೆ.

ಹೆಗ್ಗಡದೇವನಕೋಟೆ ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ತಲಾ ಒಂದು ತಂಡದಿಂದ ಆರಂಭಿಸಬಹುದೆಂಬುದು ನನ್ನ ಸಲಹೆ. ಮುಂದಿನ ಆಯವ್ಯಯದ ಸಿದ್ಧತೆಗೆ ಮುನ್ನ ಇದಕ್ಕೆ ಸಂಬಂಧಿಸಿದ ನಾಲ್ಕೂ ಇಲಾಖೆಗಳ ಅಧಿಕಾರಿಗಳೊಡನೆ ತಾವು ಒಂದು ಹಾಡಿಯಲ್ಲಿ ಸಭೆ ನಡೆಸಬೇಕೆಂದೂ, ಅಲ್ಲಿ ಯಜಮಾನರಿಗೂ ಹೆಂಗಸರಿಗೂ ಅಧಿಕಾರಿಗಳಿಗಿಂತ ಮೊದಲು ಮಾತಾಡಲು ಅವಕಾಶ ಕೊಡಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ