ವಾರವಾರವೂ ಕಾಮಿಕ್ಸ್ ಬಗ್ಗೆ ಬರೆಯುವ ತಮ್ಮನಿಗೆ

ಮಾಟುಂಗ, ಮುಂಬಯಿ

ಪ್ರೀತಿಯ ತಮ್ಮಾ,

ನೀನು ಕಳುಹಿಸಿದ ಬರಹಗಳ ಕಟ್ಟನ್ನು ಪೂರ್ತಿ ಓದಿದೆ. ಡೊಂಬಿವಲಿಯಲ್ಲಿ ಕೂತು, ಅಮೆರಿಕದಲ್ಲಿ ಬುಧವಾರ ಬುಧವಾರ ಹೊರಬರುವ ಸೂಪರ್‌ಹೀರೋ ಕಾಮಿಕ್ಸ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಹುಡುಗನೊಬ್ಬ ಇದ್ದಾನೆ ಅನ್ನುವುದೇ ನನಗೆ ದೊಡ್ಡ ಸಂತೋಷ. ಬರೀ ಸಂತೋಷಪಟ್ಟು ಸುಮ್ಮನಿರಲು ಮಾತ್ರ ಆಗುತ್ತಿಲ್ಲ. ನಿನ್ನ ಕೈಯಲ್ಲಿ ಒಳ್ಳೆಯ ಗದ್ಯವಿದೆ. ಅದನ್ನೆಲ್ಲ ನೀನು ಕಥೆಯ ಸಾರಾಂಶಕ್ಕೆ ಸುರಿಯುತ್ತಿದ್ದೀಯ.

ಯಾವ ಸಂಚಿಕೆಯೇ ಆಗಲಿ, ನಿನ್ನ ಬರಹದ ಮುಕ್ಕಾಲು ಪಾಲು ಏನಾಯಿತು, ಆಮೇಲೆ ಏನಾಯಿತು ಅನ್ನುವುದು. ಕೊನೆಗೆ ಹತ್ತಕ್ಕೆ ಏಳೋ ಎಂಟೋ ಅಂಕ. ನಮ್ಮಲ್ಲಿ ಮಳೆಗಾಲ ಶುರುವಾದರೆ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರಲ್ಲ, ಆ ಆಟ ನೋಡಿ ಬಂದವರ ಮಾತು ಕೇಳಿದ್ದೀಯಾ? ಗದಾಯುದ್ಧದಲ್ಲಿ ಭೀಮ ಗೆದ್ದ ಎಂದು ಯಾರೂ ಹೇಳುವುದಿಲ್ಲ. ಅದು ಹುಟ್ಟಿನಿಂದ ಗೊತ್ತಿರುವ ಸಂಗತಿ. ಸರೋವರದಿಂದ ಮೇಲೆ ಬಂದ ಕೌರವ ಈ ಸಲ ಹೇಗೆ ಬಂದ, ಎಷ್ಟು ಹೊತ್ತು ಸುಮ್ಮನೆ ನಿಂತ, ಮೊದಲ ಮಾತನ್ನು ಯಾವ ಸ್ವರದಲ್ಲಿ ಎತ್ತಿದ, ಚರ್ಚೆಯೆಲ್ಲ ಇದರದ್ದೇ. ಬ್ಯಾಟ್‌ಮನ್ 1939ರಿಂದ ಇದ್ದಾನೆ. ಅವನ ಅಪ್ಪ ಅಮ್ಮ ಗಲ್ಲಿಯಲ್ಲಿ ಗುಂಡೇಟಿಗೆ ಬಿದ್ದದ್ದು ಜಗತ್ತಿಗೆಲ್ಲ ಗೊತ್ತು. ಈ ವಾರದ ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ಅದನ್ನು ಹೇಗೆ ಆಡಿದರು ಅನ್ನುವುದನ್ನು ನೀನು ನನಗೆ ಹೇಳಬೇಕು.

'ಹೇಗೆ' ಎಂದರೆ ಏನೆಂದು ಒಂದು ಹಳೆಯ ಸಂಚಿಕೆಯಲ್ಲಿ ತೋರಿಸುತ್ತೇನೆ. 1966ರ ಫೆಬ್ರವರಿ ಎಂದು ಮುಖಪುಟದಲ್ಲಿ ಅಚ್ಚಾದ, ಅಮೇಜಿಂಗ್ ಸ್ಪೈಡರ್‌ಮನ್‌ನ 33ನೇ ಸಂಚಿಕೆ. ಚಿತ್ರ ಸ್ಟೀವ್ ಡಿಟ್ಕೊ, ಮಾತು ಸ್ಟ್ಯಾನ್ ಲೀ. ದೊಡ್ಡ ಯಂತ್ರವೊಂದರ ಅಡಿಯಲ್ಲಿ ಸ್ಪೈಡರ್‌ಮನ್ ಸಿಕ್ಕಿಬಿದ್ದಿದ್ದಾನೆ. ಆಸ್ಪತ್ರೆಯಲ್ಲಿ ಸಾಯುತ್ತಿರುವ ಮೇ ಅತ್ತೆಗೆ ಬೇಕಾದ ಔಷಧಿಯ ಡಬ್ಬಿ ಎದುರಿಗೇ ಬಿದ್ದಿದೆ, ಕೈಗೆ ಎಟಕುವುದಿಲ್ಲ. ಮೇಲಿನಿಂದ ನೀರು ಸೋರುತ್ತಿದೆ. ಕಥೆ ಇಷ್ಟೇ: ಎತ್ತುತ್ತಾನೆ, ಹೊರಗೆ ಬರುತ್ತಾನೆ. ಸಾರಾಂಶ ಒಂದು ಸಾಲಿಗೆ ಮುಗಿಯಿತು. ಈಗ ಪುಟ ನೋಡು. ಡಿಟ್ಕೊ ಅವನನ್ನು ಒಂದೇ ಏಟಿಗೆ ಏಳಿಸುವುದಿಲ್ಲ. ಪುಟದ ಮೇಲೆ ಪುಟ ಅವನನ್ನು ಅಲ್ಲೇ ಒತ್ತಿ ಹಿಡಿಯುತ್ತಾನೆ. ಚಿತ್ರದ ಚಿಕ್ಕ ಚೌಕಗಳು, ಬಾಗಿದ ಬೆನ್ನು, ಸೋಲುವ ಕೈ, ಮತ್ತೆ ಪ್ರಯತ್ನ. ಅವನು ಏಳುತ್ತಾ ಹೋದಂತೆ ಚೌಕಗಳೂ ಬೆಳೆಯುತ್ತವೆ. ಕೊನೆಗೆ ಯಂತ್ರ ಎತ್ತಿದ ಕ್ಷಣಕ್ಕೆ ಇಡೀ ಪುಟವೇ ಒಂದು ಚಿತ್ರ. ಅಷ್ಟು ಹೊತ್ತು ಇಕ್ಕಟ್ಟಿನಲ್ಲಿದ್ದ ನಮ್ಮ ಕಣ್ಣಿಗೂ ಅಲ್ಲೇ ಬಿಡುಗಡೆ. ಭಾರ ಇದ್ದದ್ದು ಯಂತ್ರದಲ್ಲಲ್ಲ, ಚೌಕಗಳ ಅಳತೆಯಲ್ಲಿ. ಮಾತನ್ನೆಲ್ಲ ಅಳಿಸಿಹಾಕಿದರೂ ಆ ಪುಟಗಳು ತಮ್ಮ ಕೆಲಸ ಮಾಡುತ್ತವೆ. ಇದನ್ನು ಕಂಡು ಹೇಳಿದರೆ ಅದು ವಿಮರ್ಶೆ.

ಹಾಗಾಗಿ ಪ್ರತಿ ಸಂಚಿಕೆಯನ್ನೂ ಎರಡು ಸಲ ಓದು. ಮೊದಲ ಸಲ ಕಥೆಗಾಗಿ. ಎರಡನೇ ಸಲ ಮಾತಿನ ಗುಳ್ಳೆಗಳನ್ನು ಓದಲೇಬೇಡ. ಕಣ್ಣು ಎಲ್ಲಿ ನಿಂತಿತು, ಎಲ್ಲಿ ಜಾರಿತು, ಯಾವ ಚೌಕದಿಂದ ಯಾವ ಚೌಕಕ್ಕೆ ಹೋಗಲು ತಡವರಿಸಿತು, ಅಷ್ಟನ್ನೇ ಗುರುತು ಹಾಕಿಕೋ. ಪೆನ್ನು ಹಿಡಿಯುವುದು ಆಮೇಲೆ.

'ಅಬ್ಸಲ್ಯೂಟ್ ಬ್ಯಾಟ್‌ಮನ್' ಬಗ್ಗೆ ನೀನು ಬರೆದದ್ದನ್ನೇ ತೆಗೆದುಕೋ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಮಾಲೆ, ಬರಹ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಾಗೊಟ್ಟ. ಈ ಬ್ರೂಸ್ ವೇಯ್ನ್, ಅಂದರೆ ಮುಖವಾಡದ ಹಿಂದಿನ ಬ್ಯಾಟ್‌ಮನ್, ಆಗರ್ಭ ಶ್ರೀಮಂತನಲ್ಲ, ಅಮ್ಮ ಬದುಕಿದ್ದಾಳೆ ಎಂದು ಬರೆದು, ಹೊಸತನ ಇದೆ ಎಂದು ಮುಗಿಸಿದ್ದೀಯ. ಅಷ್ಟನ್ನು ಪ್ರಕಾಶಕರ ಜಾಹೀರಾತೇ ಹೇಳುತ್ತದೆ. ಡ್ರಾಗೊಟ್ಟ ಆ ಮೈಯನ್ನು ಹೇಗೆ ಬರೆದಿದ್ದಾರೆ ನೋಡು. ಬಾಗಿಲು ತುಂಬುವಂಥ ಭುಜ, ಎದೆಯ ಮೇಲೆ ಅಗಲವಾದ ಬಾವಲಿ ಲಾಂಛನ, ಅದನ್ನೇ ಕಿತ್ತರೆ ಕೊಡಲಿ. ಹಳೆಯ ಬ್ಯಾಟ್‌ಮನ್‌ಗೆ ಗುಹೆಯಿತ್ತು, ಬಂಗಲೆಯಿತ್ತು, ಬಟ್ಲರ್ ಇದ್ದ. ದುಡ್ಡಿಲ್ಲದವನಿಗೆ ಮೈಯೇ ಆಸ್ತಿ, ತೊಟ್ಟ ಬಟ್ಟೆಯೇ ಆಯುಧ. ಆ ಮಾತನ್ನು ಸಂಭಾಷಣೆಗಿಂತ ಮೊದಲು ಚಿತ್ರ ಹೇಳಿಬಿಟ್ಟಿದೆ ಎಂಬುದು ನನ್ನ ಅಭಿಪ್ರಾಯ. ನೀನು ಒಪ್ಪದಿರಬಹುದು. ಆದರೆ ಒಪ್ಪದಿರಲು ನೀನು ಪುಟ ತೆರೆದು ತೋರಿಸಬೇಕಾಗುತ್ತದೆ, ನನಗೆ ಬೇಕಾದದ್ದೂ ಅದೇ.

ಇನ್ನೊಂದು ವಿಷಯ, ಇದರಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ನಿನ್ನ ಬರಹಗಳಲ್ಲಿ ಕಥೆಗಾರರ ಹೆಸರಿದೆ, ಚಿತ್ರಕಾರರ ಹೆಸರು ಒಮ್ಮೊಮ್ಮೆ ಮಾತ್ರ. ಬಣ್ಣ ಹಾಕಿದವರು, ಅಕ್ಷರ ಜೋಡಿಸಿದವರು ಎಲ್ಲೂ ಇಲ್ಲ. ಬ್ಯಾಟ್‌ಮನ್‌ನನ್ನು ರೂಪಿಸಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಒಬ್ಬರೇ ಸೃಷ್ಟಿಕರ್ತರೆಂದು ಅಚ್ಚಾಗುತ್ತಿದ್ದ ಬಾಬ್ ಕೇನ್ ಹೆಸರಿನ ಪಕ್ಕದಲ್ಲಿ ಅವರ ಹೆಸರು ಅಧಿಕೃತವಾಗಿ ಬಂದದ್ದು 2015ರಲ್ಲಿ. ಅಷ್ಟು ದೂರ ಯಾಕೆ, ನಮ್ಮ ಊರನ್ನೇ ನೋಡು. ಕಾರ್ಕಳದಲ್ಲಿ ಹುಟ್ಟಿ ಇದೇ ಮುಂಬಯಿಯಲ್ಲಿ 1967ರಲ್ಲಿ ಅಮರ ಚಿತ್ರ ಕಥಾ ಶುರುಮಾಡಿದ ಅನಂತ ಪೈ ಅವರ ಹೆಸರು ನಮ್ಮವರಿಗೆಲ್ಲ ಗೊತ್ತು, ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂಬೇಕು. ಅದರ ಮೊದಲ ಭಾರತೀಯ ಕಥೆಯ ಪುಸ್ತಕ 'ಕೃಷ್ಣ'ನ ಚಿತ್ರ ಬರೆದು, ಮುಂದೆ ಮಕ್ಕಳ ಪತ್ರಿಕೆ ಟಿಂಕಲ್‌ನ ಸುಪ್ಪಂದಿಗೂ ರೂಪ ಕೊಟ್ಟ ರಾಮ್ ವಾಯೀರ್ಕರ್ ಹೆಸರು ಎಷ್ಟು ಮನೆಗಳಲ್ಲಿ ಗೊತ್ತು? ಆ ಚಿತ್ರಗಳನ್ನು ನೋಡಿಯೇ ನಾವೆಲ್ಲ ಕೃಷ್ಣನ ಮುಖ ಕಲಿತದ್ದು. ಸಂಚಿಕೆಯ ಮೊದಲ ಪುಟಗಳಲ್ಲಿ ಹೆಸರುಗಳ ಪಟ್ಟಿ ಇದ್ದೇ ಇರುತ್ತದೆ. ಎಲ್ಲರನ್ನೂ ಬರೆ. ಬರೀ ಬರೆದರೂ ಸಾಲದು, ಈ ವಾರ ಅವರು ಮಾಡಿದ ಒಂದು ಕೆಲಸವನ್ನಾದರೂ ಹೇಳು. ರಾತ್ರಿಯ ದೃಶ್ಯಕ್ಕೆ ನೀಲಿಯ ಬದಲು ಕಿತ್ತಳೆ ಹಾಕಿದ್ದರೆ ಅದು ಒಬ್ಬರ ತೀರ್ಮಾನ, ಆ ಒಬ್ಬರಿಗೆ ಹೆಸರಿದೆ.

ವಾರಕ್ಕೆ ಬಂದದ್ದನ್ನೆಲ್ಲ ಬರೆಯಬೇಕೆಂಬ ಹಟವನ್ನೂ ಬಿಡು. ಹತ್ತು ಸಂಚಿಕೆಗೆ ಹತ್ತು ಸಾಲು ಹಂಚುವುದಕ್ಕಿಂತ ಎರಡನ್ನು ಹಿಡಿದು ಕೂರು. ಬುಧವಾರವೇ ಬರೆಯುವ ಆತುರ ಅಲ್ಲಿನ ವಿಮರ್ಶಕರಿಗಿರಲಿ, ಅವರ ಓದುಗರು ಅದೇ ದಿನ ಅಂಗಡಿಗೆ ಹೋಗುತ್ತಾರೆ. ನಿನ್ನ ಓದುಗರು ಹೋಗುವುದಿಲ್ಲ. ಭಾನುವಾರದವರೆಗೆ ಕಾದರೆ ಯಾರಿಗೂ ನಷ್ಟವಿಲ್ಲ. ಆದರೆ ದುಡ್ಡಿನ ಮಾತು ಮರೆಯಬೇಡ. ಒಂದು ಸಂಚಿಕೆಗೆ ನಾಲ್ಕೈದು ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಮುನ್ನೂರೈವತ್ತರಿಂದ ನಾನ್ನೂರೈವತ್ತು ರೂಪಾಯಿ. ಈಗಿನ ಕಥೆಗಳನ್ನು ಐದಾರು ಸಂಚಿಕೆ ಕೂಡಿಸಿ ಪುಸ್ತಕ ಮಾಡುವ ಲೆಕ್ಕದಲ್ಲೇ ಹೆಣೆಯುತ್ತಾರೆ. ಹಾಗಾಗಿ ಮೂರನೆಯದರಲ್ಲಿ ಎಷ್ಟೋ ಸಲ ಯಾರೋ ಮಹಡಿಯ ಮೇಲೆ ನಿಂತು ಮಾತಾಡುವುದು ಬಿಟ್ಟರೆ ಬೇರೇನೂ ಇರುವುದಿಲ್ಲ. ಅದೇ ಒಂದನ್ನು ಕೈಗೆತ್ತಿಕೊಂಡವನಿಗೆ ಏನಾದರೂ ದಕ್ಕುತ್ತದೆಯೇ, ಇಲ್ಲವೇ? ಮುಲಾಜಿಲ್ಲದೆ ಹೇಳು.

ಸಾವುಗಳ ಬಗ್ಗೆ ಹೆಚ್ಚು ಬರೆಯಬೇಡ. ಸೂಪರ್‌ಮನ್ 1992ರಲ್ಲಿ ಸತ್ತ, 1993ರಲ್ಲಿ ಮರಳಿ ಬಂದ.

ಇದೆಲ್ಲ ಯಾರು ಬೇಕಾದರೂ ಹೇಳಬಹುದಾದ ಮಾತು. ನೀನೊಬ್ಬನೇ ಬರೆಯಬಹುದಾದದ್ದು ಒಂದಿದೆ. 2004ರಲ್ಲಿ 'ಸ್ಪೈಡರ್‌ಮನ್: ಇಂಡಿಯಾ' ಎಂದು ನಾಲ್ಕು ಸಂಚಿಕೆಗಳು ಬಂದವು, ಚಿತ್ರ ಜೀವನ್ ಕಾಂಗ್ ಅವರದು. ನಾಯಕ ಪವಿತ್ರ್ ಪ್ರಭಾಕರ್, ವಿದ್ಯಾರ್ಥಿವೇತನ ಸಿಕ್ಕಿ ಹಳ್ಳಿಯಿಂದ ಮುಂಬಯಿಗೆ ಬಂದ ಹುಡುಗ. ಮಾಯಾ ಅತ್ತೆ, ಭೀಮ ಮಾವ. ಸೊಂಟದ ಕೆಳಗೆ ಧೋತರ ಉಟ್ಟ ಸ್ಪೈಡರ್‌ಮನ್! 2023ರಲ್ಲಿ ಅವನಿಗೆ ಮತ್ತೆ ಒಂದು ಮಾಲೆ ಸಿಕ್ಕಿತು, ಅದೇ ವರ್ಷ ತೆರೆಗೂ ಬಂದ. ಹಳ್ಳಿ ಬಿಟ್ಟು ಈ ಊರಿಗೆ ಬಂದ ಹುಡುಗರ ವಿಷಯ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ ಎಂದು ಬದುಕಿದವರ ಮನೆಯ ಮೂರನೇ ತಲೆಮಾರು ನೀನು. ಆ ನಾಲ್ಕು ಸಂಚಿಕೆಗಳನ್ನು ಸಂಪಾದಿಸಿ, ಮುಂದೆ ಮುಂಬಯಿಯನ್ನು ಚಿತ್ರಿಸುವ ಯಾವ ಕಾಮಿಕ್ಸ್ ಬಂದರೂ ಅದರ ಪಕ್ಕದಲ್ಲಿಟ್ಟು ನೋಡು. ಗುರುತಿನ ಕಟ್ಟಡಗಳನ್ನು ಬಿಟ್ಟು ಇನ್ನೇನನ್ನು ಬರೆದಿದ್ದಾರೆ? ಚಾಳಿನ ಕಟಾಂಜನದ ಮೇಲೆ ಬಟ್ಟೆ ಒಣಗುತ್ತಿದೆಯೇ? ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡುವವನ ಕೈ ಸರಿಯಾದ ಕಡೆ ಹಿಡಿದಿದೆಯೇ? ಹೊಸದಾಗಿ ಬಂದವನು ಮೊದಲ ವರ್ಷ ಈ ಊರಲ್ಲಿ ತಲೆ ಎತ್ತಿ ನೋಡುವ ರೀತಿಯೇ ಬೇರೆ. ಕಟ್ಟಡದಿಂದ ಕಟ್ಟಡಕ್ಕೆ ಹಾರುವವನ ಕಣ್ಣಲ್ಲಿ ಅದು ಕಾಣುತ್ತದೆಯೇ? ನ್ಯೂಯಾರ್ಕಿನ ವಿಮರ್ಶಕ ಇದನ್ನು ಕೇಳಲಾರ. ನೀನು ಕೇಳದಿದ್ದರೆ ಈ ಪ್ರಶ್ನೆ ಕನ್ನಡದಲ್ಲಿ ಹುಟ್ಟುವುದೇ ಇಲ್ಲ.

ಈ ವಾರದ್ದನ್ನು ಅಂಕ ಹಾಕದೆ ಬರೆದು ಕಳುಹಿಸು. ಎರಡೇ ಸಂಚಿಕೆ ಸಾಕು, ಕಥೆಗೆ ಮೂರು ಸಾಲಿಗಿಂತ ಹೆಚ್ಚು ಕೊಡಬೇಡ. ನೀನು ಮಾತಾಡುವ ಪುಟದ ನಕಲನ್ನೂ ಜೊತೆಗಿಡು, ನಾನೂ ನೋಡಿಕೊಂಡು ಓದುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಣ್ಣ